ರೆಸ್ಟ್ ಯಾಕೆ ಹೋಗುತ್ತಿಲ್ಲ? – ಓದುಗರ ಪ್ರಶ್ನೆ, ಬ್ಯಾಂಡ್ ಮೇಷ್ಟ್ರ ಉತ್ತರ

ಹೋದ ಸಂಚಿಕೆಯಲ್ಲಿ ಕಂಪ್ಯೂಟರ್‌ನಲ್ಲಿ ಸಂಗೀತ ಬರೆಯುವ ಸಾಫ್ಟ್‌ವೇರ್ ಮ್ಯೂಸ್‌ಸ್ಕೋರ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು, ರೆಸ್ಟ್, ಅಂದರೆ ಸುಮ್ಮನಿರುವ ಗುರುತು. ಮೂವತ್ತು ವರ್ಷ ಬ್ಯಾಂಡ್‌ನಲ್ಲಿ ಕ್ಲಾರಿನೆಟ್ ಊದಿದ್ದೇನೆ. ಈಗ ಕುವೆಂಪುನಗರದ ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇನೆ. ಈ ಪ್ರಶ್ನೆಗಳು ನನಗೂ ಬಂದಿದ್ದವು. ಅದಕ್ಕೇ ಈ ಸಲ ಬೇರೇನೂ ಬೇಡ, ರೆಸ್ಟ್ ಬಗ್ಗೆಯೇ ಮಾತಾಡೋಣ.

ಮಕ್ಕಳಿಗೆ ಕೀಬೋರ್ಡ್‌ನಲ್ಲಿ ಕಲಿಸೋಣ ಅಂತ ಒಂದು ಗೀತೆಯನ್ನು ಮ್ಯೂಸ್‌ಸ್ಕೋರ್‌ಗೆ ಹಾಕಿದೆ. ಪುಸ್ತಕದಲ್ಲಿ ಅಲ್ಪವಿರಾಮ ಇದ್ದಲ್ಲೆಲ್ಲ ರೆಸ್ಟ್ ಕೊಟ್ಟೆ. ಪ್ಲೇ ಮಾಡಿದರೆ ಹಾಡು ಬಿಕ್ಕಳಿಸಿದ ಹಾಗೆ ಕೇಳುತ್ತದೆ. ಎಲ್ಲಿ ತಪ್ಪಿದ್ದೇನೆ?
– ಸಂಗೀತ ಶಿಕ್ಷಕಿ, ಮಂಡ್ಯ

ಮೇಡಂ, ನಿಮ್ಮ ಕಿವಿ ಸರಿಯಾಗೇ ಹೇಳಿದೆ. ನಮ್ಮ ಪುಸ್ತಕಗಳ ಅಲ್ಪವಿರಾಮ ಅಂದರೆ ಮೌನ ಅಲ್ಲ, ಕಾರ್ವೆ, ಅಂದರೆ ಹಿಂದಿನ ಸ್ವರದ ಎಳೆತ. 'ಸ , ರಿ ಗ' ಅಂತ ತಾಳ ಹಾಕಿಕೊಂಡು ಒಂದು ಸಲ ಹಾಡಿ. ಅಲ್ಪವಿರಾಮ ಬಂದಾಗ ಬಾಯಿ ಮುಚ್ಚುತ್ತೀರಾ? ಇಲ್ಲ ಅಲ್ವಾ. ಸ ಇನ್ನೊಂದು ಅಕ್ಷರ, ಅಂದರೆ ತಾಳದ ಇನ್ನೊಂದು ಎಣಿಕೆ, ಎಳೆಯುತ್ತದೆ. ಅರ್ಧವಿರಾಮ ಇದ್ದರೆ ಎರಡು ಅಕ್ಷರ.

ಐದು ಗೆರೆಯ ನೊಟೇಶನ್‌ನಲ್ಲಿ ಎಳೆಯುವುದಕ್ಕೆ ಒಂದು ಗುರುತು, ಸುಮ್ಮನಿರುವುದಕ್ಕೆ ಬೇರೆ ಗುರುತು. ಎಳೆಯಬೇಕಾದರೆ ಉದ್ದದ ನೋಟ್ ಅಥವಾ ಟೈ (ಎರಡು ನೋಟ್‌ಗಳನ್ನು ಒಂದಾಗಿ ಕೂಡಿಸುವ ಕಮಾನು ಗೆರೆ). ಸುಮ್ಮನಿರಬೇಕಾದರೆ ಮಾತ್ರ ರೆಸ್ಟ್. ಒಂದು ಅಕ್ಷರಕ್ಕೆ ಒಂದು ಕ್ರಾಚೆಟ್ (ಒಂದು ಎಣಿಕೆಯ ನೋಟ್) ಅಂತ ಇಟ್ಟುಕೊಂಡರೆ 'ಸ , ರಿ ಗ' ಅನ್ನುವುದು ಒಂದು ಮಿನಿಮ್ (ಎರಡು ಎಣಿಕೆಯ ನೋಟ್), ಎರಡು ಕ್ರಾಚೆಟ್. ಎರಡು ಅಡ್ಡಗೆರೆಗಳ ನಡುವಿನ ಭಾಗ ಬಾರ್, ಬಾರ್‌ಗೆ ನಾಲ್ಕು ಎಣಿಕೆ ಇದ್ದರೆ 4/4. ಆದಿತಾಳದ ಎಂಟು ಅಕ್ಷರ 4/4ರ ಎರಡು ಬಾರ್‌ಗಳಲ್ಲಿ ಕೂರುತ್ತದೆ.

ಈಗಾಗಲೇ ಹಾಕಿದ್ದನ್ನು ಮತ್ತೆ ಬರೆಯಬೇಕಿಲ್ಲ. ಸ ಮೇಲೆ ಕ್ಲಿಕ್ ಮಾಡಿ 6 ಒತ್ತಿ. ಅದು ಮಿನಿಮ್ ಆಗಿ ಪಕ್ಕದ ರೆಸ್ಟ್ ಜಾಗವನ್ನು ತೆಗೆದುಕೊಳ್ಳುತ್ತದೆ. ಒಂದು ಎಚ್ಚರ: ಪಕ್ಕದಲ್ಲಿ ರೆಸ್ಟ್ ಬದಲು ಸ್ವರ ಇದ್ದರೆ ಅದನ್ನೂ ನುಂಗಿಬಿಡುತ್ತದೆ. ಹೊಸದಾಗಿ ಬರೆಯುವಾಗ ಮಿನಿಮ್ ಬಾರ್ ಗೆರೆ ದಾಟಿದರೆ ಚಿಂತೆ ಬೇಡ. ಮ್ಯೂಸ್‌ಸ್ಕೋರ್ ಅದನ್ನು ಎರಡು ತುಂಡು ಮಾಡಿ ನಡುವೆ ತಾನೇ ಟೈ ಹಾಕುತ್ತದೆ.

ಹಾಡುವಾಗ ಮಕ್ಕಳು ನಿಜವಾಗಿ ಉಸಿರು ತೆಗೆದುಕೊಳ್ಳುವ ಜಾಗಗಳಿರುತ್ತವೆ. ಅಲ್ಲಿ ರೆಸ್ಟ್ ಉಳಿಸಿ. ಯಾವ ಅಲ್ಪವಿರಾಮ ಕಾರ್ವೆ, ಎಲ್ಲಿ ಉಸಿರು ಅಂತ ಪುಸ್ತಕ ಹೇಳುವುದಿಲ್ಲ. ನೀವು ಹಾಡಿಯೇ ತೀರ್ಮಾನಿಸಬೇಕು.

ನೋಟ್ ಡಿಲೀಟ್ ಮಾಡಿದರೆ ಆ ಜಾಗದಲ್ಲಿ ರೆಸ್ಟ್ ಬಂದು ಕೂರುತ್ತದೆ. ರೆಸ್ಟ್ ಡಿಲೀಟ್ ಮಾಡಲು ಹೋದರೆ ಅಲ್ಲಾಡುವುದೇ ಇಲ್ಲ. ಸಾಫ್ಟ್‌ವೇರ್ ಕೆಟ್ಟಿದೆಯಾ?
– ವಿದ್ಯಾರ್ಥಿ, ಶ್ರೀರಂಗಪಟ್ಟಣ

ಕೆಟ್ಟಿಲ್ಲ ತಮ್ಮಾ. ಬಾರ್ ಅನ್ನುವುದು ಅಳತೆಯ ಸೇರು ಇದ್ದ ಹಾಗೆ. 4/4 ಅಂದ ಮೇಲೆ ಅದರಲ್ಲಿ ನಾಲ್ಕು ಎಣಿಕೆ ತುಂಬಿರಲೇಬೇಕು. ಸ್ವರ ತೆಗೆದರೆ ಅಷ್ಟೇ ಅಳತೆಯ ಮೌನ ಬರುತ್ತದೆ. ಒಂದೇ ಸಾಲಿನಲ್ಲಿ ಬೇರೆ ಬೇರೆ ದನಿ ಬರೆಯಲು ಮ್ಯೂಸ್‌ಸ್ಕೋರ್‌ನಲ್ಲಿ 'ವಾಯ್ಸ್'ಗಳಿವೆ. ಮೊದಲನೇ ವಾಯ್ಸ್‌ನ ರೆಸ್ಟ್ ಅಳಿಸಲು ಅದು ಬಿಡುವುದಿಲ್ಲ.

ಮುಂದಿನ ಸ್ವರಗಳು ಹಿಂದಕ್ಕೆ ಸರಿಯಬೇಕು ಅನ್ನುವುದು ನಿಮ್ಮ ಆಸೆ ತಾನೇ? ಹಾಗಾದರೆ ಆ ಸ್ವರಗಳನ್ನು ಆಯ್ದು ಕಟ್ ಮಾಡಿ, ಬೇಡವಾದ ರೆಸ್ಟ್ ಮೇಲೆ ಕ್ಲಿಕ್ ಮಾಡಿ ಪೇಸ್ಟ್ ಮಾಡಿ. ಕಂಟ್ರೋಲ್ ಮತ್ತು ಡಿಲೀಟ್ ಒಟ್ಟಿಗೆ ಒತ್ತಿದರೂ ರೆಸ್ಟ್ ಹೋಗುತ್ತದೆ. ಆದರೆ ಆಗ ಬಾರ್ ಕೂಡ ಗಿಡ್ಡವಾಗುತ್ತದೆ. ಬಾರ್ ಮೇಲೆ ಸಣ್ಣ ಮೈನಸ್ ಗುರುತು ಕಂಡರೆ ಅಲ್ಲಿ ಎಣಿಕೆ ಕಡಿಮೆಯಾಗಿದೆ ಅಂತ ಅರ್ಥ, ಪ್ಲಸ್ ಕಂಡರೆ ಜಾಸ್ತಿಯಾಗಿದೆ ಅಂತ. ಬೇಕೆಂದೇ ಮಾಡಿದ್ದಲ್ಲವಾದರೆ ತಕ್ಷಣ ಅನ್‌ಡೂ ಮಾಡಿ.

ನೀವು ಪತ್ರದ ಕೊನೆಯಲ್ಲಿ 'ವಿ ಒತ್ತಿ ಅಡಗಿಸಿಬಿಡಲೇ?' ಅಂತ ಕೇಳಿದ್ದೀರಿ. ಬೇಡ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ನಾವು ಕೆಲವರು ಸೇರಿ ಕಟ್ಟಿದ ಪುಟ್ಟ ಬ್ಯಾಂಡ್‌ಗೆ ಒಂದು ಮಾರ್ಚ್ ಬರೆದಿದ್ದೆ. ಎರಡನೇ ಕಾರ್ನೆಟ್ ಪುಟದಲ್ಲಿ ಕ್ವೇವರ್ (ಅರ್ಧ ಎಣಿಕೆಯ) ರೆಸ್ಟ್‌ಗಳು ಇರುವೆ ಸಾಲಿನ ಹಾಗೆ ಕಾಣುತ್ತಿದ್ದವು. ಪುಟ ಚೆನ್ನಾಗಿ ಕಾಣಲಿ ಅಂತ ಕೆಲವನ್ನು ಅಡಗಿಸಿ ಪ್ರಿಂಟ್ ತೆಗೆದೆ. ಕಂಪ್ಯೂಟರ್‌ನಲ್ಲಿ ಪ್ಲೇ ಮಾಡಿದರೆ ಎಲ್ಲ ಸರಿ. ಪ್ರಾಕ್ಟೀಸ್‌ನಲ್ಲಿ ಮಾತ್ರ ಆ ಹುಡುಗ ಪ್ರತಿ ಸಲವೂ ಅರ್ಧ ಎಣಿಕೆ ಮುಂಚೆ ಊದಿದ. ಅವನ ತಪ್ಪೇನೂ ಇಲ್ಲ. ಬಾರ್‌ನಲ್ಲಿ ಮೊದಲು ಕಂಡದ್ದು ಸ್ವರ, ಊದಿದ. ಎಲ್ಲರೆದುರು ಅವನನ್ನು ಎರಡು ಸಲ ಗದರಿದ ಮೇಲೆ ಹಾಳೆ ತೆಗೆದು ನೋಡಿದೆ. ಆ ಹುಡುಗನ ಮುಖ ಈಗಲೂ ಕಣ್ಣ ಮುಂದಿದೆ. ಅವತ್ತಿನಿಂದ ಒಬ್ಬರೇ ನುಡಿಸುವ ಸಾಲಿನಲ್ಲಿ ಒಂದು ರೆಸ್ಟನ್ನೂ ನಾನು ಅಡಗಿಸಿಲ್ಲ.

ಕಾಯರ್‌ಗೆ (ಗುಂಪು ಹಾಡಿಗೆ) ಸೊಪ್ರಾನೊ, ಆಲ್ಟೊ, ಅಂದರೆ ಮೇಲಿನ ದನಿ, ಕೆಳಗಿನ ದನಿ ಎರಡನ್ನೂ ಒಂದೇ ಸಾಲಿನಲ್ಲಿ ಬರೆಯುತ್ತೇನೆ. ರೆಸ್ಟ್‌ಗಳು ಮೇಲೊಂದು ಕೆಳಗೊಂದು ಚೆಲ್ಲಾಪಿಲ್ಲಿಯಾಗಿವೆ.
– ಓದುಗರೊಬ್ಬರು, ಮೈಸೂರು

ಇಲ್ಲಿ ಮಾತ್ರ ಅಳಿಸಬಹುದು. ಸ್ವರದ ಮೇಲೆ ಕ್ಲಿಕ್ ಮಾಡಿದಾಗ ಬಣ್ಣ ನೋಡಿ. ನೀಲಿ ಮೊದಲನೇ ವಾಯ್ಸ್, ಹಸಿರು ಎರಡನೆಯದು. ಎರಡೂ ಒಂದೇ ಸಾಲಿನಲ್ಲಿದ್ದರೆ ಯಾರ ಮೌನ ಯಾವುದು ಅಂತ ತಿಳಿಯಲಿ ಅಂತಲೇ ಮೊದಲನೆಯದರ ರೆಸ್ಟ್ ಮೇಲಕ್ಕೂ ಎರಡನೆಯದರದ್ದು ಕೆಳಕ್ಕೂ ಸರಿಯುತ್ತದೆ. ಇಬ್ಬರೂ ಒಟ್ಟಿಗೆ ಸುಮ್ಮನಿರುವ ಕಡೆ ಒಂದು ರೆಸ್ಟ್ ಸಾಕು, ಹಸಿರಿನದ್ದನ್ನು ಡಿಲೀಟ್ ಮಾಡಿ. ಸ್ವರಕ್ಕೆ ತಾಗುತ್ತಿದ್ದರೆ ರೆಸ್ಟನ್ನು ಮೌಸ್‌ನಿಂದ ಹಿಡಿದು ಸ್ವಲ್ಪ ಸರಿಸಿ.

ಹಾಡೆಲ್ಲ ಹಸಿರು, ಮೇಲೆ ಖಾಲಿ ನೀಲಿ ರೆಸ್ಟ್‌ಗಳ ಸಾಲು, ಹೀಗಿದೆಯಾ? ಹಾಗಿದ್ದರೆ ಗೊತ್ತಿಲ್ಲದೆ ಎರಡನೇ ವಾಯ್ಸ್‌ನಲ್ಲಿ ಬರೆದಿದ್ದೀರಿ. ಅಷ್ಟನ್ನೂ ಆಯ್ದು, ಟೂಲ್ಸ್ ಮೆನುವಿನ ವಾಯ್ಸಸ್‌ನಲ್ಲಿ 1 ಮತ್ತು 2 ಅದಲು ಬದಲು ಮಾಡಿ. ಆಮೇಲೆ ಉಳಿದ ರೆಸ್ಟ್ ಅಳಿಸಿ.

ಪಿಟೀಲು ಕಲಿಯುತ್ತಿದ್ದೇನೆ. ಒಂದು ಕೃತಿ ಅರ್ಧ ಎಡುಪು, ಅಂದರೆ ತಾಳ ಶುರುವಾಗಿ ಅರ್ಧ ಅಕ್ಷರದ ಮೇಲೆ ಹಾಡು ಶುರು. ಮೊದಲ ಬಾರ್‌ನಿಂದಲೇ ಸ್ವರ ಹಾಕಿದೆ. ಈಗ ಯಾವ ಸಮವೂ (ತಾಳದ ಮೊದಲ ಏಟು) ಬಾರ್ ಗೆರೆಗೆ ಬರುತ್ತಿಲ್ಲ. ಪಿಕಪ್ ಬಾರ್ (ಮೊದಲ ಪೂರ್ತಿ ಬಾರ್‌ಗೆ ಮುಂಚೆ ಬರುವ ಗಿಡ್ಡ ಬಾರ್) ಹಾಕು ಅಂತ ಗೆಳೆಯ ಹೇಳಿದ. ಹಾಕಬೇಕಾ?
– ವಿದ್ಯಾರ್ಥಿನಿ, ಸರಸ್ವತಿಪುರಂ, ಮೈಸೂರು

ಒಳ್ಳೆಯ ಪ್ರಶ್ನೆ ಕೇಳಿದೆಯಮ್ಮ. ಪಿಕಪ್ ಇಲ್ಲಿಗೆ ಅಲ್ಲ. ತಾಳ ಶುರುವಾಗಿ ಆಮೇಲೆ ಹಾಡು ಬಂದರೆ ಅನಾಗತ. ನಿನ್ನದು ಅದು. ಹಾಡು ಮೊದಲು ಬಂದು ಆಮೇಲೆ ಸಮ ಬಿದ್ದರೆ ಅತೀತ. ಪಿಕಪ್ ಬಾರ್ ಇರುವುದು ಅತೀತಕ್ಕೆ. ಅನಾಗತಕ್ಕೆ ಬೇಕಾದ್ದು ಬಾರ್ ಶುರುವಿನಲ್ಲಿ ಒಂದು ರೆಸ್ಟ್. ನಿಮ್ಮ ಮೇಷ್ಟ್ರು ಮೊದಲ ತಟ್ಟು ತಟ್ಟುತ್ತಾರೆ, ನಿನ್ನ ಕಮಾನು ತಂತಿ ಮೇಲೆ ಸುಮ್ಮನಿರುತ್ತದೆ. ಆ ಸುಮ್ಮನಿರುವ ಅರ್ಧ ಅಕ್ಷರವನ್ನೇ ನೀನು ಬರೆದಿಲ್ಲ.

ಸ್ವರಗಳನ್ನು ಮೊದಲಿಂದ ಕೊನೆವರೆಗೆ ಆಯ್ದು ಕಟ್ ಮಾಡು. ಖಾಲಿಯಾದ ಮೊದಲ ಬಾರ್ ಮೇಲೆ ಕ್ಲಿಕ್ ಮಾಡಿ ಎನ್, ಆಮೇಲೆ 4, ಆಮೇಲೆ 0 ಒತ್ತು. ಒಂದು ಕ್ವೇವರ್ ರೆಸ್ಟ್ ಬರುತ್ತದೆ. ಎಸ್ಕೇಪ್ ಒತ್ತಿ, ಪಕ್ಕದ ರೆಸ್ಟ್ ಮೇಲೆ ಕ್ಲಿಕ್ ಮಾಡಿ ಪೇಸ್ಟ್ ಮಾಡು. ಅಕ್ಷರಕ್ಕೊಂದು ಕ್ರಾಚೆಟ್ ಲೆಕ್ಕದಲ್ಲಿ ಬರೆದಿದ್ದರೆ ಇಷ್ಟೇ. ಮುಕ್ಕಾಲು ಎಡುಪಾದರೆ ಲೆಕ್ಕ ಬೇರೆ, ಎಷ್ಟು ರೆಸ್ಟ್ ಬೇಕು ಅಂತ ನಿಮ್ಮ ಮೇಷ್ಟ್ರನ್ನು ಕೇಳು.

ಮುಂದೆ ಅತೀತದ್ದು ಬರೆಯುವಾಗ ಹೊಸ ಸ್ಕೋರ್ ಮಾಡುವ ಹಂತದಲ್ಲೇ ಪಿಕಪ್ ಆಯ್ದುಕೋ.

3/4 ಹಾಡು. ಖಾಲಿ ಬಾರ್‌ನಲ್ಲಿ ನಾಲ್ಕು ಎಣಿಕೆಯ ರೆಸ್ಟ್ ಯಾಕೆ ತೋರಿಸುತ್ತದೆ?
– ಓದುಗರು, ಮದ್ದೂರು

ಅದು 'ಇಡೀ ಬಾರ್ ಸುಮ್ಮನಿರು' ಅನ್ನುವ ಗುರುತು. ತಾಳ ಯಾವುದಾದರೂ ಇದೇ. ಕೆಳಗಿನಿಂದ ನಾಲ್ಕನೇ ಗೆರೆಗೆ ನೇತಾಡುತ್ತದೆ. ಮಧ್ಯದ ಗೆರೆ ಮೇಲೆ ಕೂತಿದ್ದರೆ ಅದು ಎರಡು ಎಣಿಕೆಯ ರೆಸ್ಟ್. ಎಲ್ಲಾದರೂ ಮೂರು ಕ್ರಾಚೆಟ್ ರೆಸ್ಟ್ ಬಿಡಿಬಿಡಿಯಾಗಿ ಬಿದ್ದಿದ್ದರೆ ಬಾರ್ ಆಯ್ದು ಡಿಲೀಟ್ ಒತ್ತಿ, ಒಂದಾಗುತ್ತದೆ.

ಶಾಲೆಯ ಬ್ಯಾಂಡ್‌ಗೆ ಪ್ರಿಂಟ್ ತೆಗೆದರೆ ಟ್ರಂಪೆಟ್ ಪುಟದಲ್ಲಿ 24 ಖಾಲಿ ಬಾರ್ ಸಾಲಾಗಿ ಬರುತ್ತವೆ. ಮಕ್ಕಳು ಎಣಿಕೆ ತಪ್ಪುತ್ತಾರೆ.
– ದೈಹಿಕ ಶಿಕ್ಷಕರು, ಪಾಂಡವಪುರ

ಸರ್, ನಿಮ್ಮಂಥವರು ಇದನ್ನು ಕೈಗೆತ್ತಿಕೊಂಡಿದ್ದು ಬಹಳ ಸಂತೋಷ. ಈ ಸೀಮೆಗೆ ಬ್ಯಾಂಡ್ ಹೊಸದಲ್ಲ. ಮೈಸೂರು ಅರಮನೆಯಲ್ಲಿ ಕರ್ನಾಟಕ ಬ್ಯಾಂಡ್, ಇಂಗ್ಲಿಷ್ ಬ್ಯಾಂಡ್ ಎರಡೂ ಇದ್ದವು. ಜಯಚಾಮರಾಜ ಒಡೆಯರ್ ಸ್ವತಃ ಪಿಯಾನೊ ಕಲಿತವರು. ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು ರೆಕಾರ್ಡ್ ಆಗಲಿ ಅಂತ ಲಂಡನ್‌ಗೆ ಹಣ ಕಳಿಸಿದವರು.

ಮುಖ್ಯ ಸ್ಕೋರ್‌ನಿಂದ ಪ್ರಿಂಟ್ ತೆಗೆಯಬೇಡಿ. ಪ್ರತಿ ವಾದ್ಯಕ್ಕೂ ಪಾರ್ಟ್ (ಆ ವಾದ್ಯದ ಸಾಲು ಮಾತ್ರ ಇರುವ ಪುಟ) ತೆರೆದು ಅಲ್ಲಿಂದ ತೆಗೆಯಿರಿ. ಆಗಲೂ ಬಿಡಿಬಿಡಿಯಾಗಿದ್ದರೆ ಎಂ ಒತ್ತಿ. ಖಾಲಿ ಬಾರ್‌ಗಳೆಲ್ಲ ಒಂದಾಗಿ ಮೇಲೆ ಸಂಖ್ಯೆ ಬರುತ್ತದೆ.

ಆದರೆ 24 ಅಂತ ಒಂದೇ ಸಂಖ್ಯೆ ಕೊಟ್ಟರೆ ಹತ್ತನೇ ಕ್ಲಾಸ್ ಹುಡುಗ ಹದಿನೈದರ ಹೊತ್ತಿಗೆ ಅತ್ತಿತ್ತ ನೋಡುತ್ತಾನೆ. ಹಾಡಿನ ತಿರುವು ಎಲ್ಲೆಲ್ಲಿದೆ ನೋಡಿ, ಅಲ್ಲಿ ಕಂಟ್ರೋಲ್ ಮತ್ತು ಎಂ ಒತ್ತಿ ರಿಹರ್ಸಲ್ ಗುರುತು (ಎ, ಬಿ ಅನ್ನುವ ಅಕ್ಷರ) ಹಾಕಿ. ಆ ಗುರುತಿನ ಹತ್ತಿರ ರೆಸ್ಟ್ ತಾನೇ ಒಡೆದುಕೊಳ್ಳುತ್ತದೆ. 24 ಹೋಗಿ 8, 8, 8 ಆಗುತ್ತದೆ. ಕ್ಲಾರಿನೆಟ್ ಎತ್ತಿಕೊಂಡ ಕೂಡಲೇ ಟ್ರಂಪೆಟ್ ಹುಡುಗ 'ಬಿ ಬಂತು' ಅಂದುಕೊಂಡು ಮತ್ತೆ ಒಂದರಿಂದ ಎಣಿಸಬಹುದು. ನಾನು ಊದುತ್ತಿದ್ದಾಗ ಶೂ ಒಳಗೆ ಹೆಬ್ಬೆರಳು ಒತ್ತಿ ಎಣಿಸುತ್ತಿದ್ದೆ. ನಿಮ್ಮ ಮಕ್ಕಳಿಗೂ ಹೇಳಿಕೊಡಿ.