ಅತ್ತೆಯ ಸೊಂಟನೋವಿಗೆ ಮೂವರು ಡಾಕ್ಟರು ಮೂರು ದಾರಿ ಹೇಳಿದ್ದಾರೆ, ಯಾರ ಮಾತು ಕೇಳೋದು?

ತೀರ್ಥಹಳ್ಳಿ ಕಡೆಯವರು ಅಂದಿದ್ದೀರಿ. ಅತ್ತೆಗೆ ಎರಡು ವರ್ಷದಿಂದ ಸೊಂಟನೋವು, ಎಂಆರ್‌ಐಯಲ್ಲಿ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಉಬ್ಬಿದೆ. ಒಬ್ಬರು ಮಾತ್ರೆ ಬರೆದರು, ಇನ್ನೊಬ್ಬರು ಫಿಸಿಯೋಗೆ ಕಳಿಸಿದರು, ಮೂರನೆಯವರು ಮನೋವೈದ್ಯರನ್ನು ನೋಡಿ ಅಂದಾಗ ಅತ್ತೆ ‘ನಂಗೇನು ಹುಚ್ಚಾ?’ ಅಂತ ಸಿಟ್ಟಾದರು. ನಾನು ಶಿವಮೊಗ್ಗದಲ್ಲಿ ಫಿಸಿಯೋಥೆರಪಿಸ್ಟ್. ಮೂವರೂ ಹೇಳಿದ್ದು ಸರಿಯೇ ಇರಬಹುದು. ಆದರೆ ಮೂವರೂ ಒಬ್ಬರಿಗೊಬ್ಬರು ಮಾತಾಡಿಲ್ಲ, ತೊಂದರೆ ಅಲ್ಲಿದೆ.

ಮೊದಲು ಆ ರಿಪೋರ್ಟ್. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಒಂದು ಅಧ್ಯಯನ ಬಂತು. 50ರ ಆಸುಪಾಸಿನವರಲ್ಲಿ ನೂರಕ್ಕೆ ಸುಮಾರು 60 ಮಂದಿಗೆ ಡಿಸ್ಕ್ ಉಬ್ಬಿತ್ತು. ಹಾಗಾಗಿ ಆ ಒಂದು ಸಾಲು ಓದಿ ಹೆದರಬೇಡಿ. ಹಾಗಂತ ಅತ್ತೆಯ ನೋವು ಸುಳ್ಳೂ ಅಲ್ಲ. ಮೂರು ತಿಂಗಳು ದಾಟಿದ ನೋವಿನಲ್ಲಿ ಎಷ್ಟೋ ಸಲ ನರಗಳೇ ಸೂಕ್ಷ್ಮವಾಗಿಬಿಡುತ್ತವೆ. ನಿದ್ದೆಗೆಟ್ಟರೆ, ಅಡಿಕೆ ತೋಟಕ್ಕೆ ಕೊಳೆರೋಗ ಬಂದ ಚಿಂತೆ ಹತ್ತಿದರೆ ಸೊಂಟವೂ ಜಾಸ್ತಿ ನೋಯುತ್ತದೆ. ಮನೋವೈದ್ಯರ ಹತ್ತಿರ ಕಳಿಸುವುದು ಅದಕ್ಕೆ. ‘ನಿದ್ದೆಗೆ ತೋರಿಸಿಕೊಂಡು ಬರೋಣ’ ಅನ್ನಿ, ಬರುತ್ತಾರೆ.

ಅಮೆರಿಕದ ಅರಿವಳಿಕೆ ತಜ್ಞ ಜಾನ್ ಬೋನಿಕಾ ಎರಡನೇ ಮಹಾಯುದ್ಧದ ಗಾಯಾಳುಗಳನ್ನು ನೋಡುವಾಗಲೇ ಇಂಥ ನೋವು ವಾಸಿಮಾಡುವುದು ಒಬ್ಬ ಡಾಕ್ಟರ ಕೈಯಲ್ಲಿ ಆಗುವ ಕೆಲಸವಲ್ಲ ಅಂತ ಕಂಡುಕೊಂಡರು. ಬೇರೆಬೇರೆ ತಜ್ಞರು ಒಟ್ಟಿಗೆ ಕೂತು ನೋಡುವ ಪೇನ್ ಕ್ಲಿನಿಕ್ ಬೆಳೆದದ್ದು ಹಾಗೆ. ನಮ್ಮಲ್ಲಿ ಅಂಥದ್ದು ಸಿಗದಿದ್ದರೆ ಶಿವಮೊಗ್ಗದ ಮೆಗ್ಗಾನ್‌ನಂಥ ದೊಡ್ಡಾಸ್ಪತ್ರೆಗೆ ಹೋಗಿ, ಮೂಳೆ ವಿಭಾಗವೂ ಮನೋವೈದ್ಯರೂ ಅಲ್ಲೇ ಇರುತ್ತಾರೆ. ಆಮೇಲೆ ನಿಮ್ಮೂರಿನ ಡಾಕ್ಟರನ್ನೇ ‘ಎಲ್ಲಾ ಚೀಟಿ ನೀವೇ ನೋಡ್ಕೊಳ್ಳಿ’ ಅಂತ ಕೇಳಿ. ಈ ಒಬ್ಬರು ಇದ್ದರೆ ಅರ್ಧ ಗೆದ್ದ ಹಾಗೆ.

ಅತ್ತೆಗೆ ಏನು ಮಾಡಲು ಆಗಬೇಕಿದೆ ಅಂತ ಯಾರಾದರೂ ಕೇಳಿದ್ದಾರಾ? ‘ಅಡಿಕೆ ಸುಲೀಬೇಕು’ ಅಂದರೆ ನಾನು ಹೇಳಿಕೊಡುವ ವ್ಯಾಯಾಮ ಅಲ್ಲಿಂದಲೇ ಶುರು. ಸುಲಿಯುವ ಮೆಟ್ಟುಗತ್ತಿಯ ಮುಂದೆ ಬಗ್ಗಿ ಕೂತವರು ಮಾತಿನ ಭರದಲ್ಲಿ ಏಳುವುದೇ ಇಲ್ಲ. ಎದ್ದಾಗ ಗೋಡೆ ಹಿಡಿಯಬೇಕು, ಮರುದಿನ ಹಾಸಿಗೆ. ಕೂರುವ ಮಣೆ ಎತ್ತರಿಸಿ. ನೋವು ಬರಲಿ ಅಂತ ಕಾಯದೆ ಗಡಿಯಾರ ನೋಡಿ ಏಳಿಸಿ, ಕಾಲು ಗಂಟೆಗೊಮ್ಮೆ ಅಂಗಳದಲ್ಲಿ ನಾಲ್ಕು ಹೆಜ್ಜೆ. ತಡೆದುಕೊಂಡರೆ ನಿಧಾನ ಹೊತ್ತು ಹೆಚ್ಚಿಸಿ. ಆರಾಮಿದ್ದ ದಿನವೂ ಇದೇ ಲೆಕ್ಕ; ಅವತ್ತೇ ಎಲ್ಲ ಕೆಲಸ ಮುಗಿಸಲು ಹೋಗಿ ಕೆಡಿಸಿಕೊಳ್ಳುವವರೇ ಹೆಚ್ಚು. ‘ನೀವು ಏನೂ ಮಾಡ್ಬೇಡಿ, ಮಲಗಿ’ ಅನ್ನುವ ಸೊಸೆಯ ಪ್ರೀತಿಯೂ ಇಲ್ಲಿ ಉಪಕಾರಕ್ಕೆ ಬರುವುದಿಲ್ಲ, ಬೇಜಾರು ಮಾಡ್ಕೋಬೇಡಿ.

ಕಾಲಿನ ಶಕ್ತಿ ಕುಂದಿದರೆ, ಉಚ್ಚೆ–ಕಕ್ಕಸಿನ ಹಿಡಿತ ತಪ್ಪಿದರೆ ಇದ್ಯಾವುದನ್ನೂ ಕಾಯದೆ ಅವತ್ತೇ ಆಸ್ಪತ್ರೆಗೆ ಕರೆತನ್ನಿ. ಜ್ವರ ಬಂದರೆ, ಸುಮ್ಮನೆ ತೂಕ ಇಳಿದರೂ ಬೇಗ ತೋರಿಸಿ.

ಡಾಕ್ಟರ ಹತ್ತಿರ ಹೋಗುವಾಗ ರಿಪೋರ್ಟಿನ ಜತೆ ಮಾತ್ರೆಯ ಸ್ಟ್ರಿಪ್ಪುಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಳ್ಳಿ. ಮೆಡಿಕಲ್‌ನಿಂದ ಕೇಳಿ ತಂದದ್ದು, ನಾಟಿ ಔಷಧಿ, ಬಿಪಿ ಮಾತ್ರೆ ಎಲ್ಲವೂ. ಡೈಕ್ಲೊಫೆನಾಕ್ ಥರದ ನೋವಿನ ಮಾತ್ರೆ ದಿನಾ ನುಂಗಿದರೆ ಹೊಟ್ಟೆ, ಕಿಡ್ನಿ ಎರಡಕ್ಕೂ ಅಪಾಯ, ಕೆಲವು ಬಿಪಿ ಮಾತ್ರೆಗಳ ಜತೆ ಇನ್ನೂ ಹೆಚ್ಚು.