ಮರ ಕಡಿದು ಬಂದರೆ ಮುಖವೆಲ್ಲ ತುರಿಕೆ

ಪ್ರಶ್ನೆ: ನಮ್ಮ ಯಜಮಾನರು ಮರ ಕಡಿಯುವ ಕೆಲಸಕ್ಕೆ ಕೊಡಗು, ಸಕಲೇಶಪುರದ ಕಡೆ ಹೋಗುತ್ತಾರೆ. ಬರುವಾಗ ಮುಖ, ಕತ್ತು, ಮುಂಗೈ ಕೆಂಪಾಗಿ ದಪ್ಪಗಾಗಿರುತ್ತೆ. ಔಷಧಿ ಅಂಗಡಿಯವರು ಉಷ್ಣ ಅಂತ ಒಂದು ಟ್ಯೂಬ್ ಕೊಟ್ಟರು. ಹಚ್ಚಿದರೆ ಕಮ್ಮಿ, ಬಿಟ್ಟರೆ ಮತ್ತೆ ಜಾಸ್ತಿ. ಕೆಲಸ ಬಿಡಿಸಬೇಕಾ ಡಾಕ್ಟ್ರೇ?
– ಓದುಗರು, ಕೆಂಗೇರಿ

ಉತ್ತರ: ಇದು ಉಷ್ಣ ಅಲ್ಲಮ್ಮ, ಅಲರ್ಜಿ ಇದ್ದ ಹಾಗಿದೆ. ಮರದ ತೊಗಟೆಗೆ ಬೂದು-ಹಸಿರು ಬಣ್ಣದ ಹಕ್ಕಳೆ ಅಂಟಿರುತ್ತಲ್ಲ, ಅದು ಕಲ್ಲುಹೂವು. ನಾವು ಮಸಾಲೆಗೆ ಹಾಕುವುದೂ ಇದೇ ವರ್ಗದ್ದು. ಅದರಲ್ಲಿರುವ ಅಸ್ನಿಕ್ ಆಮ್ಲದಂಥವು ಕೆಲವರ ಮೈಗೆ ಆಗಲ್ಲ. ಗರಗಸ ಆಡಿದಾಗ ಪುಡಿ ಹಾರಿ ಬೆವರಿದ ಮೈ ಮೇಲೆ ಕೂರುತ್ತೆ.

ಅವರನ್ನು ಬೆಳಕಿನಲ್ಲಿ ಕೂರಿಸಿ ನೋಡಿ. ಕಣ್ಣಿನ ರೆಪ್ಪೆ, ಕಿವಿಯ ಹಿಂದೆ, ಗದ್ದದ ಕೆಳಗೆ ಕೂಡ ಕೆಂಪಾಗಿದೆಯಾ? ಹಾಗಿದ್ದರೆ ಗಾಳಿಯಲ್ಲಿ ಬಂದ ಪುಡಿಯ ಮೇಲೇ ಅನುಮಾನ. ಬರೀ ಬಿಸಿಲಿನ ತೊಂದರೆಯಾದರೆ ಆ ಜಾಗಗಳು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತವೆ.

ಕಲ್ಲುಹೂವೊಂದನ್ನೇ ದೂರುವಂತಿಲ್ಲ. ತೋಟದ ಸಿಲ್ವರ್ ಓಕ್ ಕೂಡ ಕೆಲವರಿಗೆ ಆಗಲ್ಲ. ನಮ್ಮ ಬೆಂಗಳೂರಿನ ಖಾಲಿ ಸೈಟುಗಳಲ್ಲಿ ಬೆಳೆಯುವ ಪಾರ್ಥೇನಿಯಂ, ಅದೇ ಕಾಂಗ್ರೆಸ್ ಗಿಡ, ಇದೇ ಥರ ಕಾಡುತ್ತೆ. ಊರಲ್ಲಿದ್ದಾಗಲೂ ತುರಿಕೆ ಇಳಿಯದಿದ್ದರೆ ಮನೆ ಸುತ್ತ ಅದಿದೆಯಾ ನೋಡಿ.

ಯಾವುದು ಅಂತ ಗೊತ್ತಾಗಲು ಪ್ಯಾಚ್ ಟೆಸ್ಟ್ ಬೇಕು. ಅನುಮಾನವಿರುವ ವಸ್ತುಗಳನ್ನು ಹಚ್ಚಿದ ಪಟ್ಟಿಯನ್ನು ಬೆನ್ನಿಗೆ ಅಂಟಿಸಿ 48 ಗಂಟೆಗೆ ತೆಗೆಯುತ್ತಾರೆ, 96 ಗಂಟೆಗೆ ಮತ್ತೆ ನೋಡುತ್ತಾರೆ. ಅಲ್ಲಿಯವರೆಗೆ ಬೆನ್ನು ನೆನೆಸಬಾರದು. ವಿಕ್ಟೋರಿಯಾ ಅಥವಾ ಬೌರಿಂಗ್ ಆಸ್ಪತ್ರೆಯ ಚರ್ಮ ವಿಭಾಗದಲ್ಲಿ ವಿಚಾರಿಸಿ. ಅವರು ಕಡಿಯುವ ಮರದ ತೊಗಟೆಯ ಚೂರನ್ನು ಕವರಿನಲ್ಲಿ ಕಟ್ಟಿ ಒಯ್ಯಿರಿ.

ಆ ಟ್ಯೂಬ್ ಬಗ್ಗೆ ನನಗೆ ನಿಜಕ್ಕೂ ಆತಂಕ. ಸ್ಟೀರಾಯ್ಡ್ ಇರಬಹುದು. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತೆ. ಟ್ಯೂಬನ್ನೂ ತಂದು ಡಾಕ್ಟರಿಗೆ ತೋರಿಸಿ.

ಈಗಲೇ ಕೆಲಸ ಬಿಡಿಸಬೇಡಿ, ಟೆಸ್ಟ್ ಆಗಲಿ. ತುಂಬು ತೋಳಿನ ಅಂಗಿ, ಗ್ಲೌಸ್ ಇರಲಿ. ಕೆಲಸ ಮುಗಿದ ಕೂಡಲೇ ಸ್ನಾನ ಮಾಡಲಿ. ಸೆಂಟು, ಶೇವಿಂಗ್ ಲೋಷನ್ ಸದ್ಯಕ್ಕೆ ಬೇಡ, ಕೆಲವದರಲ್ಲಿ ಕಲ್ಲುಹೂವಿನ ಜಾತಿಯ ಸಾರವೇ ಇರುತ್ತೆ. ಅವರ ಬಟ್ಟೆ ಕೊಡವಬೇಡಿ, ಬೇರೆಯಾಗಿ ನೆನೆಹಾಕಿ. ಪುಡಿ ನಿಮ್ಮ ಕೈಗೂ ತಾಗುತ್ತೆ ಅಲ್ವಾ? ಕಣ್ಣು ಊದಿ ಮುಚ್ಚಿಕೊಂಡರೆ, ಚರ್ಮದಿಂದ ನೀರು ಸೋರಿದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.