ಕ್ಯಾಮೆರಾ ಹಿಡಿದವನು ಎಲ್ಲಿದ್ದಾನೆ?

ದಾವಣಗೆರೆಯ ಓದುಗರೊಬ್ಬರ ಪತ್ರ: ‘ಹತ್ತನೇ ತರಗತಿಯ ಮಗನ ಒತ್ತಾಯಕ್ಕೆ “ಕ್ರಾನಿಕಲ್” ಎಂಬ ಇಂಗ್ಲಿಷ್ ಚಿತ್ರ ನೋಡಿದೆ. ಮೂವರು ಹುಡುಗರಿಗೆ ಅತಿಮಾನುಷ ಶಕ್ತಿ ಬರುತ್ತದೆ. ಒಬ್ಬನೂ ಅದರಿಂದ ಒಳ್ಳೆಯದು ಮಾಡುವುದಿಲ್ಲ. ಮೇಲಾಗಿ ಚಿತ್ರವೆಲ್ಲ ಮನೆಯಲ್ಲಿ ತೆಗೆದ ವಿಡಿಯೊದಂತೆ ಅಲುಗಾಡಿ ತಲೆನೋವು ಬಂತು. ಇಂಥದ್ದನ್ನು ನಿಮ್ಮ ಪತ್ರಿಕೆ ಹೊಗಳಿದ್ದೇಕೆ?’

ಉತ್ತರ: ತಲೆನೋವನ್ನು ಒಪ್ಪಿದೆ. ಎಲ್ಲೋ ಸಿಕ್ಕಿದ ವಿಡಿಯೊ ತುಣುಕುಗಳನ್ನು ಜೋಡಿಸಿದಂತೆ ಕಾಣುವ ಈ ಬಗೆಯ ಚಿತ್ರಗಳು 1999ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಗೆದ್ದ ಮೇಲೆ ಸಾಲುಗಟ್ಟಿ ಬಂದವು. ಕನ್ನಡದಲ್ಲೂ 2013ರಲ್ಲಿ ‘6-5=2’ ಬಂತು. ದೆವ್ವ ಅಟ್ಟಿಸಿಕೊಂಡು ಬಂದರೂ ಕ್ಯಾಮೆರಾ ಬಿಡದ ಮನುಷ್ಯನನ್ನು ನಂಬುವುದು ನನಗೂ ಕಷ್ಟ.

ಆದರೆ ಜೋಶ್ ಟ್ರ್ಯಾಂಕ್ ನಿರ್ದೇಶಿಸಿದ 2012ರ ಈ ಚಿತ್ರವನ್ನು ಆ ಸಾಲಿಗೆ ಸೇರಿಸಬೇಡಿ. ‘ಒಬ್ಬನೂ’ ಎಂದಿರಿ. ನೀರಿಗೆ ಬಿದ್ದ ಕಾರಿನ ಚಾಲಕನನ್ನು ಗೆಳೆಯರೇ ಕಾಪಾಡಿದ್ದನ್ನು ಮರೆತಿರಾ? ಸಿಟ್ಟು ಬಂದಾಗ ಈ ಶಕ್ತಿ ಬಳಸಬಾರದು ಎಂದು ಮೂವರಲ್ಲೊಬ್ಬನಾದ ಮ್ಯಾಟ್ ನಿಯಮ ಮಾಡಿದ್ದು?

ಮೊದಲ ದೃಶ್ಯವನ್ನು ನೆನಪು ಮಾಡಿಕೊಳ್ಳಿ. ಸಿಯಾಟಲ್‌ನ ಒಂದು ಮನೆ. ಚಿಲಕ ಹಾಕಿದ ಕೋಣೆಯಲ್ಲಿ ಮೂವರಲ್ಲಿ ಇನ್ನೊಬ್ಬನಾದ ಆ್ಯಂಡ್ರೂ ಕನ್ನಡಿಯ ಎದುರು ಕ್ಯಾಮೆರಾ ಇಟ್ಟುಕೊಂಡಿದ್ದಾನೆ. ಹೊರಗೆ ಕುಡಿದು ಬಂದ ಅಪ್ಪ ಬಾಗಿಲು ಬಡಿಯುತ್ತಿದ್ದಾನೆ. ಅಮ್ಮ ಕ್ಯಾನ್ಸರಿನಿಂದ ಹಾಸಿಗೆ ಹಿಡಿದಿದ್ದಾಳೆ. ಆ ಹುಡುಗನಿಗೆ ಕ್ಯಾಮೆರಾ ಆಟಿಕೆಯಲ್ಲ, ಇನ್ನೊಂದು ಚಿಲಕ.

ನನ್ನ ಚಿಕ್ಕಪ್ಪನ ಮಗ ಊರಿನ ಮದುವೆಗಳ ವಿಡಿಯೊ ತೆಗೆಯುತ್ತಿದ್ದ. ತಂಗಿಯ ಧಾರೆಯನ್ನೂ ಅವನೇ ತೆಗೆದ. ಆ ಕ್ಯಾಸೆಟ್‌ನಲ್ಲಿ ಅಡುಗೆಯವರಿದ್ದಾರೆ, ವಾಲಗದವರಿದ್ದಾರೆ, ಚಪ್ಪರದ ಕೆಳಗೆ ಮಲಗಿದ ನಾಯಿಯೂ ಇದೆ. ಅಣ್ಣನೊಬ್ಬನಿಲ್ಲ. ಮದುಮಗಳು ಕನ್ನಡಿಯ ಮುಂದೆ ಹೂ ಮುಡಿಸಿಕೊಳ್ಳುವಾಗ ಮಾತ್ರ ಮೂಲೆಯಲ್ಲಿ ಅವನ ಮೊಣಕೈ ಕಾಣುತ್ತದೆ. ಚಿಕ್ಕಮ್ಮ ಪ್ರತಿ ಸಲವೂ ಅಲ್ಲಿ ಕ್ಯಾಸೆಟ್ ನಿಲ್ಲಿಸಿ ನೋಡುತ್ತಿದ್ದರು.

ಆ್ಯಂಡ್ರೂವಿನ ಸ್ಥಿತಿಯೂ ಅದೇ. ಶಕ್ತಿ ಬಂದ ಮೇಲೆ ಅವನು ಕ್ಯಾಮೆರಾವನ್ನು ಮನಸ್ಸಿನಿಂದಲೇ ಗಾಳಿಯಲ್ಲಿ ತೇಲಿಸುತ್ತಾನೆ. ಚಿತ್ರದ ಅಲುಗಾಟ ಅಲ್ಲಿಂದ ಕಡಿಮೆಯಾಗುತ್ತದೆ, ನೀವು ಗಮನಿಸಿದಿರಾ? ಯಾರ ಕಣ್ಣಿಗೂ ಬೀಳದಿದ್ದ ಹುಡುಗ ತನ್ನದೇ ಚಿತ್ರದೊಳಗೆ ಬಂದು ನಿಲ್ಲುತ್ತಾನೆ. ಕೊನೆಗೆ, ಅಮ್ಮನ ಔಷಧಿಗೆಂದು ಕಳ್ಳತನಕ್ಕಿಳಿದು, ಅವಳ ಸಾವಿನ ಹೊಣೆಯನ್ನೂ ಅಪ್ಪನಿಂದ ಹೊರಿಸಿಕೊಂಡು, ಸ್ಪೇಸ್ ನೀಡಲ್ ಗೋಪುರದಲ್ಲಿ ಪ್ರವಾಸಿಗರ ಮೊಬೈಲು, ಕ್ಯಾಮೆರಾಗಳನ್ನೆಲ್ಲ ಸೆಳೆದು ತನ್ನ ಸುತ್ತ ತೇಲಿಸುತ್ತಾನೆ. ಅಷ್ಟೂ ಕಣ್ಣುಗಳು ಅವನನ್ನೇ ನೋಡಬೇಕು. ಆ ದೃಶ್ಯದಲ್ಲಿ ನನಗೆ ಗಂಟಲು ಕಟ್ಟಿತು. ಅವನು ಮಾಡಿದ್ದು ಘೋರ, ನಿಜ. ಆದರೆ ಬಾಗಿಲ ಆಚೆ ನಿಂತವರು ಒಮ್ಮೆ ಒಳಗೆ ಬಂದು ಕೂತಿದ್ದರೆ?

ನೋಡುತ್ತಿರುವವರು ಯಾರು ಎಂಬ ಪ್ರಶ್ನೆಯನ್ನೇ ನಾವು ಕೈಬಿಟ್ಟಿದ್ದೇವೆ. ನಾಯಕ ಕಾರಿನಿಂದ ಇಳಿದರೆ ಸಾಕು, ಡ್ರೋನ್ ಆಕಾಶಕ್ಕೇರುತ್ತದೆ. ಅದು ಯಾರ ಕಣ್ಣು? ವಿಮರ್ಶಕರು ‘ಛಾಯಾಗ್ರಹಣ ಚೆನ್ನಾಗಿದೆ’ ಎಂದು ಒಂದು ಸಾಲು ಬರೆದು ಮುಂದಿನ ಚಿತ್ರಕ್ಕೆ ಹೋಗುತ್ತಾರೆ. ನಮ್ಮ ಕಚೇರಿಗೆ ಬರುವ ಕಥೆಗಳಲ್ಲೂ ಇದೇ ಬೇನೆ. ಮೊನ್ನೆ ಒಂದು ಕಥೆಯಲ್ಲಿ ಮುಚ್ಚಿದ ಕೋಣೆಯೊಳಗೆ ಒಬ್ಬಳೇ ಅಳುವ ಸೊಸೆಯನ್ನು ಎರಡು ಪುಟ ವರ್ಣಿಸಿದ್ದರು. ಕಥೆ ಹೇಳುತ್ತಿದ್ದವನು ಪಕ್ಕದ ಮನೆಯ ಬಾಡಿಗೆದಾರ! ಅವನಿಗೆ ಗೋಡೆಯಾಚೆಯ ಬಿಕ್ಕಳಿಕೆಯಷ್ಟೇ ಕೇಳಬೇಕಿತ್ತು. ಅದನ್ನಷ್ಟೇ ಬರೆದಿದ್ದರೆ ಮರುದಿನವೇ ಅಚ್ಚಿಗೆ ಕಳಿಸುತ್ತಿದ್ದೆ.

ನಿಮ್ಮ ಮಗನ ರುಚಿ ಒಳ್ಳೆಯದಿದೆ, ತಡೆಯಬೇಡಿ. ಅವನೊಂದಿಗೆ ಇನ್ನೊಮ್ಮೆ ನೋಡಿ, ಕ್ಯಾಮೆರಾ ಕೈಬಿಟ್ಟು ಮೇಲೇಳುವಲ್ಲಿ ನಿಲ್ಲಿಸಿ ಅವನಿಗೇನು ಅನ್ನಿಸಿತೆಂದು ಕೇಳಿ. ಮುಂದಿನ ಪತ್ರವನ್ನು ಅವನೇ ಬರೆಯಲಿ.